ಸಣ್ಣ ಸೋರಿಕೆ ಎಂಬ ಮಾತು

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಾಲ್ಕೂರ್ ಎಂಬುದೊಂದು ಊರು. 1934ರ ಚಳಿಗಾಲದಲ್ಲಿ ಅಲ್ಲಿನ ಯಂತ್ರಕುಶಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಅವರ ಎರಡು ವರ್ಷದ ಮಗ ಹೊಟ್ಟೆಯ ಒಳಪೊರೆಯ ಉರಿಯೂತದಿಂದ ತೀರಿಕೊಂಡನು. ದಾರಿಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದುದರಿಂದ ಮಗುವನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಹಿಮದ ಮೇಲೆ ಓಡುವ ವಾಹನಕ್ಕಾಗಿ ಮೊದಲಿನಿಂದಲೂ ಶ್ರಮಿಸುತ್ತಿದ್ದ ಅವರು 1937ರಲ್ಲಿ ಏಳು ಜನ ಕುಳಿತುಕೊಳ್ಳುವ ವಾಹನವನ್ನೂ, 1959ರಲ್ಲಿ ‘ಸ್ಕೀ-ಡೂ’ ಎಂಬ ಹಗುರವಾದ ವಾಹನವನ್ನೂ ಹೊರತಂದರು. ಇಂದು ಸ್ನೋಮೊಬೈಲ್ ಎಂದು ಪ್ರಸಿದ್ಧವಾಗಿರುವ ಹಿಮವಾಹನ ಶೀತದೇಶಗಳಲ್ಲಿ ವಿನೋದದ ವಸ್ತು ಮಾತ್ರವಲ್ಲ. ಅನೇಕರಿಗೆ ಅದು ಬದುಕಿನ ಆಸರೆ.

ಇಂತಹ ವಾಹನದ ಹೊಗೆಕೊಳವೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿತೆಂದು ಭಾವಿಸೋಣ. ಎಂಜಿನು ನಿಲ್ಲುವುದಿಲ್ಲ, ವಾಹನ ಓಡುತ್ತಲೇ ಇರುತ್ತದೆ. “ಬಯಲಿನಲ್ಲಿ ಓಡಿಸುವ ವಾಹನ, ಹೊಗೆ ಎಲ್ಲಿಂದ ಹೊರಬಂದರೇನು? ಚಳಿಗಾಲ ಮುಗಿದ ಮೇಲೆ ನೋಡೋಣ” ಎಂದು ಒಡೆಯನು ಸುಮ್ಮನಾಗುವುದುಂಟು. ಈ ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಇದು ತಪ್ಪೆಂದು ನಾವು ಹೇಳುತ್ತೇವೆ. ಏಕೆಂದರೆ ‘ಸಣ್ಣದು’ ಎಂಬುದು ರಂಧ್ರದ ಅಳತೆಯೇ ಹೊರತು ಪರಿಣಾಮದ ಅಳತೆಯಲ್ಲ.

ಮೊದಲು ವಾದದ ಸತ್ಯಾಂಶವನ್ನು ಒಪ್ಪಿಕೊಳ್ಳೋಣ. ಸಂದನ್ನು ಮುಚ್ಚಿದ ಮಾತ್ರಕ್ಕೆ ಎಂಜಿನು ಉಗುಳುವ ವಿಷಾನಿಲ ಕಡಮೆಯಾಗುವುದಿಲ್ಲ. ಬದಲಾಗುವುದು ಅದು ಹೊರಬೀಳುವ ಸ್ಥಳ ಮಾತ್ರ. ಆದರೆ ಇಲ್ಲಿ ಸ್ಥಳವೇ ಮುಖ್ಯ. ನಿರ್ಮಾಪಕರು ಕೊಳವೆಯ ಬಾಯನ್ನು ಸವಾರನಿಂದ ದೂರಕ್ಕೆ, ಸಾಮಾನ್ಯವಾಗಿ ವಾಹನದ ಮುಂಭಾಗದ ಕೆಳಗಡೆಗೆ, ತಿರುಗಿಸಿರುತ್ತಾರೆ. ಸೋರಿದ ಅನಿಲವಾದರೋ ಎಂಜಿನಿನ ಮುಸುಕಿನೊಳಗೆ ತುಂಬಿ, ಅದರ ಕಿಂಡಿಗಳಿಂದ ಹೊರಟು, ಹಿಂದೆ ಕುಳಿತವನ ಮುಖದ ಕಡೆಗೇ ಬರಬಹುದು.

ಆ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಕು ಮೊದಲಾದುವು ಆರಂಭದ ಲಕ್ಷಣಗಳು. ಚಳಿಯಲ್ಲಿ ದಣಿದವನು ಇವನ್ನು ಬರಿಯ ಆಯಾಸವೆಂದು ಬಗೆಯುವುದು ಸುಲಭ. ಎಚ್ಚರಿಸಬೇಕಾದ ಬುದ್ಧಿಯನ್ನೇ ಮೊದಲು ಮಸುಕುಗೊಳಿಸುವುದು ಈ ವಿಷದ ಕುಟಿಲತೆ.

ಎರಡನೆಯದು ಶಾಖ. ಹೊಗೆಕೊಳವೆಯ ಅನಿಲ ನೂರಾರು ಡಿಗ್ರಿ ಬಿಸಿಯಾಗಿರುತ್ತದೆ. ಮುಸುಕಿನ ಇಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ಭಾಗಗಳೂ ವಿದ್ಯುತ್ ತಂತಿಗಳೂ ಪೆಟ್ರೋಲಿನ ನಳಿಗೆಗಳೂ ಅಕ್ಕಪಕ್ಕದಲ್ಲಿಯೇ ಇವೆ. ಒಂದೇ ಎಡೆಗೆ ಸದಾ ಬಿಸಿಯನ್ನು ಊದುವ ಸಣ್ಣ ಸಂದು ದೊಡ್ಡ ಅನಾಹುತಕ್ಕೆ ಕಾರಣವಾಗಬಲ್ಲದು.

ಮೂರನೆಯದು ಎಂಜಿನಿನ ಶಕ್ತಿ. ಹಿಮವಾಹನಗಳಲ್ಲಿ ಹಲವು ಟೂ-ಸ್ಟ್ರೋಕ್ ಎಂಜಿನಿನವು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರ್ ಸೈಕಲುಗಳ ಎಂಜಿನೂ ಇದೇ ಜಾತಿಯದು. ಹಿಮವಾಹನದ ಕೊಳವೆ ನಡುವೆ ಉಬ್ಬಿ ತುದಿಯಲ್ಲಿ ಕಿರಿದಾಗುತ್ತದೆ. ಹೊರಟ ಒತ್ತಡದ ಅಲೆ ಆ ಕಿರಿದಾದ ಭಾಗಕ್ಕೆ ಬಡಿದು ಹಿಂದಿರುಗಿ, ಸಿಲಿಂಡರಿನಿಂದ ಜಾರಿಹೋಗುತ್ತಿದ್ದ ಹೊಸ ಇಂಧನಮಿಶ್ರಣವನ್ನು ಮತ್ತೆ ಒಳಗೆ ತಳ್ಳುತ್ತದೆ. ಸಂದಿನಲ್ಲಿ ಒತ್ತಡ ಸೋರಿದಷ್ಟೂ ಈ ಅಲೆ ಬಲಗುಂದುತ್ತದೆ.

ಇನ್ನು ದುರಸ್ತಿಯ ಮಾತು. ಕೊಳವೆಯ ತುಂಡುಗಳನ್ನು ಸಾಮಾನ್ಯವಾಗಿ ಗುಂಡು ಮತ್ತು ಬಟ್ಟಲಿನ ಆಕಾರದ ಕೀಲುಗಳಲ್ಲಿ ಕೂಡಿಸಿ, ಸ್ಪ್ರಿಂಗುಗಳಿಂದ ಬಿಗಿದಿರುತ್ತಾರೆ. ಎಂಜಿನು ಅದುರಿದಾಗ ಕೊಳವೆ ಮುರಿಯದೆ ತುಸು ಆಡಲೆಂಬುದೇ ಇದರ ಉದ್ದೇಶ. ಎಂಜಿನು ಪೂರ್ತಿ ಆರಿದ ಮೇಲೆ ಮುಸುಕನ್ನು ತೆರೆದು ನೋಡಿದರೆ, ಸೋರಿಕೆಯ ಎಡೆಯಲ್ಲಿ ಎಣ್ಣೆ ಬೆರೆತ ಕಪ್ಪು ಮಸಿ ಕಾಣುತ್ತದೆ. ಓಡುವ ಎಂಜಿನಿನ ಬಳಿ ಕೈಯಾಡಿಸಿ ಹುಡುಕುವುದು ಸಲ್ಲದು. ಸ್ಪ್ರಿಂಗು ಮುರಿದಿದ್ದರೆ ಅಥವಾ ಸಡಿಲವಾಗಿದ್ದರೆ ಹೊಸದನ್ನು ಹಾಕಬೇಕು. ಕೀಲನ್ನು ಬಿಡಿಸಿ, ಮಸಿಯನ್ನು ಕೆರೆದು ಒರೆಸಿ, ಹೆಚ್ಚಿನ ಶಾಖವನ್ನು ತಡೆಯುವ ಸಿಲಿಕೋನ್ ಲೇಪವನ್ನು ತೆಳುವಾಗಿ ಬಳಿದು ಕೂಡಿಸಬೇಕು. ಲೇಪವು ಗಟ್ಟಿಯಾಗಲು ತಯಾರಕರು ಹೇಳಿದಷ್ಟು ಕಾಲ ಕಾಯಬೇಕು. ಸಿಲಿಂಡರಿನ ಬಳಿಯ ಗ್ಯಾಸ್ಕೆಟ್ ಸುಟ್ಟಿದ್ದರೆ ಅದನ್ನೇ ಬದಲಾಯಿಸಬೇಕು. ಲೋಹ ಬಿರಿದಿದ್ದರೆ ಬಲ್ಲವರಿಂದ ಬೆಸುಗೆ ಹಾಕಿಸಬೇಕು.

ಇಲ್ಲಿಯೇ ನಮ್ಮ ಮುಖ್ಯ ಅಭಿಪ್ರಾಯ ಅಡಗಿದೆ. ಮಸಿ ಕಂಡೆಡೆಯಲ್ಲೆಲ್ಲ ಹೊರಗಿನಿಂದ ಲೇಪ ಮೆತ್ತಿ ಕೈತೊಳೆದುಕೊಳ್ಳುವುದು ದುರಸ್ತಿಯಲ್ಲ. ಅದು ಜ್ವರಕ್ಕೆ ಒದ್ದೆಬಟ್ಟೆ ಹಾಕಿ ರೋಗವನ್ನು ಮರೆತಂತೆ. ಸಂದು ಏಕೆ ಬಿಟ್ಟಿತು? ಸ್ಪ್ರಿಂಗು ಏಕೆ ಮುರಿಯಿತು? ಎಂಜಿನನ್ನು ಹಿಡಿದಿರುವ ರಬ್ಬರು ಸವೆದು ಅದುರುವಿಕೆ ಹೆಚ್ಚಿತೇ? ಹೀಗೆ ಒಂದರ ಹಿಂದೊಂದು ಕಾರಣವನ್ನು ಅರಸಿಹೋಗುವುದೇ ವಿಜ್ಞಾನದ ಮಾರ್ಗ. ಪ್ರಯೋಗಶಾಲೆಯಲ್ಲಿ ಮಾತ್ರ ಈ ಮಾರ್ಗವನ್ನು ಹಿಡಿದು, ಮನೆಯ ಯಂತ್ರದ ಮುಂದೆ ಅದನ್ನು ಮರೆಯುವ ವಿದ್ಯಾರ್ಥಿಯ ಕಲಿಕೆ ಅರ್ಧಕ್ಕೇ ನಿಂತಂತೆ. ಕೈಗೆ ಮಸಿಯಾಗುವುದು ವಿದ್ಯೆಗೆ ಕುಂದಲ್ಲ.

ಮತ್ತೊಂದು ಎಚ್ಚರಿಕೆ ಅಗತ್ಯ. ದುರಸ್ತಿಯಾದ ವಾಹನವನ್ನು ಪರೀಕ್ಷಿಸಬೇಕಾದುದು ಬಯಲಿನಲ್ಲಿ. ಚಳಿಯೆಂದು ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಎಂಜಿನನ್ನು ಓಡಿಸಿದರೆ, ಕೊಳವೆ ಎಷ್ಟೇ ಭದ್ರವಾಗಿದ್ದರೂ ವಿಷ ಅಲ್ಲಿಯೇ ತುಂಬುತ್ತದೆ. ಒಂದು ಸಂದನ್ನು ಮುಚ್ಚಿದ ಸಂತೃಪ್ತಿಯಲ್ಲಿ ಉಳಿದ ಅಪಾಯವನ್ನು ಮರೆಯಬಾರದು.

ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂಬುದು ನಮ್ಮ ಹಿರಿಯರ ಮಾತು. ಆದರೆ ಉಗುರಿನಿಂದ ಹೋಗುವ ಕಾಲದಲ್ಲಿಯೇ ಉಗುರನ್ನು ಬಳಸಬೇಕು. ಒಂದು ಸ್ಪ್ರಿಂಗು, ಬೆರಳತುದಿಯ ಲೇಪ, ಒಂದು ಸಂಜೆಯ ಶ್ರಮ: ಸಣ್ಣ ಸೋರಿಕೆ ಕೇಳುವುದು ಇಷ್ಟೇ. ಊರಿನಿಂದ ಬಹುದೂರದ ಹಿಮದ ಬಯಲಿನಲ್ಲಿ ಕೆಟ್ಟು ನಿಂತ ವಾಹನ ಕೇಳುವ ಬೆಲೆ ಬೇರೆಯೇ.