ಬೆಂಗಳೂರು ಬುಲ್ಸಿನ ಹರಾಜಿಗೆ ಲೆಕ್ಕ ಕೇಳುವವರು ಯಾರು?

ನಾಶಿಕದ ಸಾತ್ಪುರ, ಅಂಬಡ ಕಡೆಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೂ ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆಯ ಬಂಧುಗಳಿಗೂ ಕಬಡ್ಡಿಯ ದೆಸೆಯಿಂದ ಒಂದು ವಾದ ಹತ್ತಿಕೊಂಡಿದೆ. ಪ್ರೊ ಕಬಡ್ಡಿ ಲೀಗಿನಲ್ಲಿ ಆಡುವ ಬೆಂಗಳೂರು ಬುಲ್ಸ್ ತಂಡದವರು ಆಟಗಾರರನ್ನು ಕೊಳ್ಳುವ ಮತ್ತು ಬಿಡುವ ರೀತಿಯೇ ವಾದದ ವಿಷಯ. ನಾಶಿಕದವರ ಪ್ರಕಾರ ೨೦೨೫ರಲ್ಲಿ ತಂಡದವರು ಮಾಡಿದ್ದೆಲ್ಲ ಸರಿ; ಏಕೆಂದರೆ ನಾಶಿಕದ ಹುಡುಗ ಆಕಾಶ್ ಶಿಂದೆಯನ್ನು ಕೊಂಡರು, ತಂಡ ಪ್ಲೇ-ಆಫ್ ಮುಟ್ಟಿತು. ಸಂಭಾಜಿನಗರದವರು ಇದನ್ನು ಒಪ್ಪುವುದಿಲ್ಲ. ಪವನ್ ಸೆಹ್ರಾವತನಂಥವನನ್ನು ಬಿಟ್ಟುಕೊಟ್ಟವರಿಗೆ, ಮುದಿಯಾದ ಹೆಸರಿಗೆ ಹಣ ಸುರಿದವರಿಗೆ ಇಷ್ಟು ಬೇಗ ಕ್ಷಮೆಯೇ? ಒಂದು ದಿನ ಅನ್ನ ಸರಿಯಾಗಿ ಬೆಂದಿತೆಂದು ಮೂರು ದಿನ ಹೊತ್ತಿಸಿದ್ದನ್ನು ಮರೆಯಬೇಕೇ? ಹೀಗೆಂದು ಅವರು ಕೇಳುತ್ತಾರೆ. ತೀರ್ಪು ಕೊಡಿರೆಂದು ಎರಡೂ ಕಡೆಯವರು ನಮಗೆ ಬರೆದಿದ್ದಾರೆ.

ಎರಡೂ ಕಡೆಯವರು ಲೆಕ್ಕವನ್ನು ಕೊನೆಯ ಸಾಲಿನಿಂದ ಓದುತ್ತಿದ್ದಾರೆಂದು ನಾವು ಮೊದಲೇ ಹೇಳಿಬಿಡುತ್ತೇವೆ. ಗೆದ್ದರೆ ಮ್ಯಾನೇಜರು ಜಾಣ, ಸೋತರೆ ಮ್ಯಾನೇಜರು ಪೆದ್ದ. ಇದು ಗಲ್ಲಾದ ಮೇಲೆ ಕುಳಿತ ಧಣಿಯ ಲೆಕ್ಕವೇ ಹೊರತು ದುಡಿದು ಬಲ್ಲವರ ಲೆಕ್ಕವಲ್ಲ. ಜನರನ್ನು ಕೂಲಿಗೆ ತರುವವನ ಯೋಗ್ಯತೆಯನ್ನು ಅಳೆಯಲು ನಮಗೆ ಬರಬೇಕು. ಗಿರಣಗಾಂವಿನ ಮಿಲ್ಲುಗಳಲ್ಲಿ ಜಾಬರ್ ಎಂಬುವನು ಯಾರೆಂಬುದು ನಮ್ಮ ಹಿರಿಯರಿಗೆಲ್ಲ ಗೊತ್ತು. ಯಾವ ಖಾತೆಗೆ ಯಾರು ಬೇಕು, ಯಾರನ್ನು ಬದಲಿಯಾಗಿ ಬಾಗಿಲಲ್ಲೇ ನಿಲ್ಲಿಸಬೇಕು, ಯಾರನ್ನು ಊರಿಗೆ ಓಡಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಹರಾಜಿನ ಮೇಜಿನ ಸುತ್ತ ಕೂರುವ ಮಾಲೀಕ, ತರಬೇತುದಾರ, ಲೆಕ್ಕಿಗ ಇವರೆಲ್ಲ ಸೇರಿ ಇಂದಿನ ಜಾಬರ್. ನಾವು ಮ್ಯಾನೇಜರ್ ಎಂದಾಗ ಒಬ್ಬ ವ್ಯಕ್ತಿಯನ್ನಲ್ಲ, ಆ ಮೇಜನ್ನು ಹೇಳುತ್ತೇವೆ.

೨೦೧೮ರ ಹರಾಜನ್ನು ನೋಡೋಣ. ಅದು ನಡೆದದ್ದು ನಮ್ಮ ಮುಂಬಯಿಯಲ್ಲೇ. ಆ ವರ್ಷ ಆರು ಮಂದಿಯ ಬೆಲೆ ಕೋಟಿ ಮುಟ್ಟಿತು. ಮೋನು ಗೋಯತನಿಗೆ ಹರಿಯಾಣದವರು ೧.೫೧ ಕೋಟಿ ಕೊಟ್ಟರು. ರಾಹುಲ್ ಚೌಧರಿಗೆ ತೆಲುಗು ಟೈಟನ್ಸಿನವರು ೧.೨೯ ಕೋಟಿ ಕೊಟ್ಟರು. ಮುಂಬಯಿಯಲ್ಲೇ ಬೆಳೆದ ರಿಶಾಂಕ್ ದೇವಾಡಿಗನಿಗೆ ಉತ್ತರ ಪ್ರದೇಶದ ಯೋಧಾ ತಂಡದಿಂದ ೧.೧೧ ಕೋಟಿ ಬಂತು. ಈ ಕೊನೆಯ ಹೆಸರನ್ನು ಓದಿ ನಮ್ಮ ಕರಾವಳಿಯ ಬಂಧುಗಳು ಎಷ್ಟು ಹೋಟೆಲುಗಳಲ್ಲಿ ಚಾ ಹಂಚಿದರೆಂಬುದು ಬೇರೆ ಮಾತು! ಬೆಂಗಳೂರಿನವರು ಆ ಕೋಟಿಯ ಪಂಕ್ತಿಯಲ್ಲಿ ಕೂರಲಿಲ್ಲ. ಮೊದಲು ತಮ್ಮಲ್ಲೇ ಇದ್ದು ಹಿಂದಿನ ಋತುವನ್ನು ಗುಜರಾತಿನಲ್ಲಿ ಕಳೆದ ಪವನ್ ಸೆಹ್ರಾವತನನ್ನು ೫೨.೮ ಲಕ್ಷಕ್ಕೆ ಮನೆಗೆ ತಂದರು. ಆ ಋತುವಿನಲ್ಲಿ ಪವನ್ ಗಳಿಸಿದ ರೈಡ್ ಅಂಕ ೨೭೧. ಲೀಗಿನಲ್ಲಿ ಅವನಿಗಿಂತ ಹೆಚ್ಚು ಯಾರದೂ ಇಲ್ಲ. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಒಬ್ಬನೇ ೨೨ ಅಂಕ ತಂದ. ಬುಲ್ಸ್ ೩೮, ಗುಜರಾತ್ ೩೩. ಒಂದೂವರೆ ಕೋಟಿಯ ಹರಿಯಾಣ ತನ್ನ ವಲಯದ ಕಟ್ಟಕಡೆಯಲ್ಲಿ ನಿಂತಿತು.

ಇದನ್ನು ನಾವು ಜಾಣ ಕೊಳ್ಳುವಿಕೆ ಎನ್ನುತ್ತೇವೆ. ಕಪ್ಪು ಬಂದದ್ದರಿಂದ ಹೀಗೆನ್ನುವುದಿಲ್ಲ. ಬೇರೆಯವರ ಬೆಂಚಿನ ಮೇಲೆ ಕುಳಿತಿದ್ದವನ ಶಕ್ತಿಯನ್ನು, ಅವನನ್ನು ಹಿಂದೆ ಹತ್ತಿರದಿಂದ ಕಂಡಿದ್ದವರು ಗುರುತಿಸಿದರು. ಅದಕ್ಕೇ ಈ ಮೆಚ್ಚುಗೆ. ಅಂತಿಮ ಪಂದ್ಯದಲ್ಲಿ ಸೋತಿದ್ದರೂ ಅದು ಜಾಣತನವೇ ಆಗುತ್ತಿತ್ತು.

ಇನ್ನು ಸಂಭಾಜಿನಗರದವರ ದೊಡ್ಡ ದೂರಿಗೆ ಬರೋಣ. ಸತತ ಮೂರು ಋತುಗಳಲ್ಲಿ ಲೀಗಿನ ಅತಿ ಹೆಚ್ಚು ರೈಡ್ ಅಂಕ ತಂದವನನ್ನು ಬುಲ್ಸಿನವರು ೨೦೨೨ರಲ್ಲಿ ಹರಾಜಿಗೆ ಬಿಟ್ಟರು. ತಮಿಳ್ ತಲೈವಾಸ್ ೨.೨೬ ಕೋಟಿ ಕೊಟ್ಟು ಒಯ್ದಿತು. ಪವನ್ ಹೋದ ಮೇಲೆ ಬುಲ್ಸ್ ಮುಳುಗಿತೇ? ಇಲ್ಲ. ತಮ್ಮಲ್ಲೇ ಬೆಳೆಯುತ್ತಿದ್ದ ಭರತ್ ಎಂಬ ಹುಡುಗ ಎದ್ದು ನಿಂತ. ತಂಡ ಉಪಾಂತ್ಯಕ್ಕೆ ಹೋಯಿತು. ತಲೈವಾಸಿಗೋ, ಮೊದಲ ಪಂದ್ಯದಲ್ಲೇ ಪವನನ ಮೊಣಕಾಲು ಹೋಯಿತು. ಋತುವೆಲ್ಲ ಅವನು ಹೊರಗೆ. ಆದರೂ ನರೇಂದರ್ ಎಂಬ ಹೊಸ ಹುಡುಗನನ್ನೂ ನಮ್ಮ ಮಹಾರಾಷ್ಟ್ರದ ಅಜಿಂಕ್ಯ ಪವಾರನನ್ನೂ ನಂಬಿ ತಲೈವಾಸ್ ಕೂಡ ಉಪಾಂತ್ಯ ಮುಟ್ಟಿತು. ಹಾಗಾದರೆ ತಲೈವಾಸಿನ ಮ್ಯಾನೇಜರು ೨.೨೬ ಕೋಟಿ ಹಾಳುಮಾಡಿದ ಮೂರ್ಖನೋ, ಇಲ್ಲ, ಬದಲಿಗಳನ್ನು ಸರಿಯಾಗಿ ಆರಿಸಿಟ್ಟಿದ್ದ ಬುದ್ಧಿವಂತನೋ? ಮೊಣಕಾಲು ತಿರುಚಿದ್ದಕ್ಕೆ ಅವನನ್ನು ಬೈಯುವುದು ಅನ್ಯಾಯ. ಬದಲಿಗೆ ನಿಂತವರು ಯೋಗ್ಯರಾಗಿದ್ದರು ಎಂಬುದನ್ನು ಮಾತ್ರ ಅವನ ಖಾತೆಗೆ ಬರೆಯಲೇಬೇಕು.

ಮರುವರ್ಷ ಪವನನಿಗೆ ತೆಲುಗು ಟೈಟನ್ಸಿನವರು ೨.೬೦೫ ಕೋಟಿ ಕೊಟ್ಟರು. ಟೈಟನ್ಸ್ ೨೨ ಪಂದ್ಯಗಳಲ್ಲಿ ಎರಡು ಗೆದ್ದು ಕೊನೆಯ ಸ್ಥಾನದಲ್ಲಿ ಕುಳಿತಿತು. ಈ ಸಲ ಮೊಣಕಾಲಿನ ನೆವವಿರಲಿಲ್ಲ. ಹೆಸರಾಂತ ಅಡುಗೆ ಭಟ್ಟರನ್ನು ಎರಡರಷ್ಟು ಸಂಬಳ ಕೊಟ್ಟು ತಂದು, ತರಕಾರಿ ಹೆಚ್ಚುವವನಿಲ್ಲದೆ, ಪಾತ್ರೆ ತೊಳೆಯುವವನಿಲ್ಲದೆ ಹೋಟೆಲು ತೆರೆದ ಧಣಿಗಳನ್ನು ನಾವು ಕಂಡಿಲ್ಲವೇ?

ದೊಡ್ಡ ಬೆಲೆಯೆಲ್ಲ ದಂಡವೆಂದು ಯಾರೂ ತಿಳಿಯಬಾರದು. ಇರಾನಿನ ಮೊಹಮ್ಮದ್ ರೆಜಾ ಶಾದ್ಲೂಯಿ ಎಂಬ ಹಿಡಿತಗಾರನ ಕಥೆ ಕೇಳಿ. ೨೦೨೩ರಲ್ಲಿ ಪುಣೇರಿ ಪಲ್ಟನ್ ಅವನಿಗೆ ೨.೩೫ ಕೋಟಿ ಕೊಟ್ಟಿತು. ೨೦೨೪ರ ಮಾರ್ಚಿ ೧ರಂದು ಕಪ್ಪು ಗೆದ್ದಿತು. ಮುಂದೆ ಹರಿಯಾಣ ೨.೦೭ ಕೋಟಿ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಅದೂ ಗೆದ್ದಿತು. ೨೦೨೫ರಲ್ಲಿ ಗುಜರಾತ್ ೨.೨೩ ಕೋಟಿ ಕೊಟ್ಟಿತು; ಪ್ಲೇ-ಆಫ್ ಕೂಡ ಸಿಗಲಿಲ್ಲ. ಆಳು ಅವನೇ, ಬೆಲೆ ಹೆಚ್ಚುಕಡಿಮೆ ಅದೇ. ಪುಣೆಯಲ್ಲೂ ಹರಿಯಾಣದಲ್ಲೂ ಮನೆ ಕಟ್ಟಿಯಾಗಿತ್ತು. ಮಾಡಿಗೆ ಕೊನೆಯ ಹಂಚೊಂದು ಬೇಕಾಗಿತ್ತು. ಗುಜರಾತಿನವರು ಗೋಡೆಯೇಳುವ ಮೊದಲು ಹಂಚು ಕೊಂಡರು.

ಪುಣೆಯ ಆ ಮನೆಯ ಮೇಸ್ತ್ರಿ ಯಾರು? ನಮ್ಮ ಕರ್ನಾಟಕದ ಬಿ. ಸಿ. ರಮೇಶ್, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ೨೦೧೯ರಲ್ಲಿ ಬೆಂಗಾಲ್ ವಾರಿಯರ್ಸಿಗೆ ಕಪ್ಪು ಗೆಲ್ಲಿಸಿಕೊಟ್ಟವರು, ೨೦೨೪ರಲ್ಲಿ ಪುಣೆಗೆ ಗೆಲ್ಲಿಸಿಕೊಟ್ಟವರು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ನಾಶಿಕದ ಆಕಾಶ್ ಶಿಂದೆ ಮೊದಲಾದ ಎಳೆಯರನ್ನು ಇಟ್ಟುಕೊಂಡು, ಸೋತಾಗಲೂ ಬಿಡದೆ ಕಟ್ಟಿದ ತಂಡವದು. ಅಸ್ಲಂ, ಆಕಾಶ್ ಇಬ್ಬರೂ ಹಾಂಗ್‌ಝೌ ಏಷ್ಯನ್ ಕ್ರೀಡೆಯ ಭಾರತ ತಂಡಕ್ಕೂ ಹೋದರು. ಬೆಂಗಾಲಕ್ಕೆ, ಪುಣೆಗೆ ಒಬ್ಬ ಕನ್ನಡಿಗನ ಕಣ್ಣು ಬೇಕಾಯಿತು. ಆ ವರ್ಷಗಳಲ್ಲಿ ಬೆಂಗಳೂರಿಗೆ ಅದು ಬೇಕಾಗಲಿಲ್ಲ!

೨೦೨೪ರಲ್ಲಿ ಬುಲ್ಸ್ ಮಾಡಿದ್ದೇನು? ತಾವೇ ಬೆಳೆಸಿದ ಭರತನನ್ನು ಹರಾಜಿಗೆ ಬಿಟ್ಟರು. ಉತ್ತರ ಪ್ರದೇಶದವರು ೧.೩೦ ಕೋಟಿಗೆ ಎತ್ತಿಕೊಂಡರು. ತಾವು ಅಜಿಂಕ್ಯ ಪವಾರನಿಗೆ ೧.೧೦೭ ಕೋಟಿ ಕೊಟ್ಟರು, ಪ್ರದೀಪ್ ನರ್ವಾಲನಿಗೆ ೭೦ ಲಕ್ಷ ಕೊಟ್ಟು ನಾಯಕನನ್ನಾಗಿ ಮಾಡಿದರು. ಪ್ರದೀಪನೆಂದರೆ ಸಾಮಾನ್ಯನಲ್ಲ. ಪಟ್ನಾಕ್ಕೆ ಮೂರು ಕಪ್ಪುಗಳನ್ನು ತಂದುಕೊಟ್ಟವನು, ೨೦೧೭ರ ಒಂದೇ ಋತುವಿನಲ್ಲಿ ೩೬೯ ರೈಡ್ ಅಂಕ ಮಾಡಿದವನು. ಆದರೆ ಅವನು ಲೀಗಿಗೆ ಕಾಲಿಟ್ಟದ್ದು ೨೦೧೫ರಲ್ಲಿ, ಇದೇ ಬೆಂಗಳೂರು ಬುಲ್ಸಿನಲ್ಲಿ. ಚಿಗುರಿದ್ದಾಗ ಬಿಟ್ಟರು, ಒಂಬತ್ತು ವರ್ಷ ಬೇರೆಯವರ ಹೊಲದಲ್ಲಿ ಬೆಳೆಕೊಟ್ಟು ಬಾಡಿದ ಮೇಲೆ ಮೆರವಣಿಗೆ ಮಾಡಿ ತಂದರು. ಆ ಋತುವಿನಲ್ಲಿ ಬುಲ್ಸ್ ಗೆದ್ದದ್ದು ೨೨ರಲ್ಲಿ ಎರಡು ಪಂದ್ಯ. ಸ್ಥಾನ ಹನ್ನೆರಡನೆಯದು, ಎಂದರೆ ಕೊನೆಯದು. ಭರತ್ ಹೋಗಿದ್ದ ಯೋಧಾ ತಂಡ ಉಪಾಂತ್ಯ ಮುಟ್ಟಿತು. ಆ ತಂಡದ ದಾಳಿಯನ್ನು ಹೊತ್ತವರಲ್ಲಿ ಗಗನ್ ಗೌಡ ಎಂಬ ನಮ್ಮ ಕರ್ನಾಟಕದ ಹುಡುಗನೂ ಒಬ್ಬ.

ಬೆಂಗಳೂರಿನ ಮೇಜಿಗೆ ನಾವು ಹೊರಿಸುವ ತಪ್ಪು ಇದು. ಪವನನನ್ನು ಬಿಟ್ಟದ್ದಲ್ಲ, ಅದಕ್ಕೆ ಉತ್ತರ ಅವರ ಬಳಿ ಇತ್ತು, ಆ ಉತ್ತರದ ಹೆಸರು ಭರತ್. ಆ ಉತ್ತರವನ್ನೂ ಮಾರಿಕೊಂಡು, ಅದರ ಜಾಗದಲ್ಲಿ ಟಿಕೇಟು ಮಾರುವ ಹೆಸರನ್ನು ತಂದು ಕೂರಿಸಿದ್ದು ತಪ್ಪು. ಹರಾಜಿನ ದಿನವೇ ತಿಳಿಯಬಹುದಾದ ತಪ್ಪು ಇದಾದ್ದರಿಂದ ದೈವದ ಮೇಲೆ ಹಾಕುವಂತಿಲ್ಲ.

ನಾಶಿಕದ ಬಂಧುಗಳ ಮಾತಿಗೂ ನ್ಯಾಯ ಸಲ್ಲಬೇಕು. ಹನ್ನೊಂದು ಋತುಗಳ ತರಬೇತುದಾರ ರಣಧೀರ್ ಸಿಂಗರ ನಂತರ ೨೦೨೫ರಲ್ಲಿ ಬುಲ್ಸಿನವರು ರಮೇಶರನ್ನು ಕರೆತಂದರು. ರಮೇಶರು ಪುಣೆಯಲ್ಲಿ ತಾವು ಕಂಡಿದ್ದ ಆಕಾಶ್ ಶಿಂದೆಯನ್ನು ತಂಡಕ್ಕೆ ತೆಗೆದುಕೊಂಡರು. ಹಿಡಿತಕ್ಕೆ ಯೋಗೇಶನಿಗೆ ಕೋಟಿ ಮೀರಿ ಕೊಟ್ಟರು. ಇರಾನಿನ ಅಲಿರೆಜಾ ಮಿರ್ಜಾಯಿಯನ್ ಎಂಬವನನ್ನು ತಂದರು. ದಾಳಿಯ ಬಹುಭಾರ ಹೊತ್ತವನು ಅವನೇ. ಗಣೇಶ ಹನಮಂತಗೋಳನಂಥ ನಮ್ಮ ಕಡೆಯ ಹುಡುಗನೂ ಅಂಗಳಕ್ಕಿಳಿದ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಮೊದಲ ನಾಲ್ವರಲ್ಲಿ ಬಂತು. ಇದು ಒಳ್ಳೆಯ ಕೆಲಸ. ಆದರೆ ಬಂಧುಗಳೇ, ಆಕಾಶ ನಮ್ಮೂರಿನವನೆಂಬ ಕಾರಣಕ್ಕೆ ಹರಾಜು ಸರಿಯಾಯಿತೆನ್ನುವುದು ಬೇಡ. ಅವನು ಸರಿಯಾದ ಆಯ್ಕೆಯಾದದ್ದು ತರಬೇತುದಾರನು ಅವನನ್ನು ದಿನನಿತ್ಯ ಕಂಡಿದ್ದರಿಂದ. ನಾಶಿಕದವನಾದರೂ ಅಷ್ಟೇ, ರೋಹ್ಟಕ್ಕಿನವನಾದರೂ ಅಷ್ಟೇ.

ಈ ವಾದದಲ್ಲಿ ಎರಡೂ ಊರಿನವರು ಮರೆತ ಇನ್ನೊಂದು ಸಂಗತಿಯಿದೆ. ಕಾರ್ಮಿಕರ ಪತ್ರಿಕೆಯಾಗಿ ಅದನ್ನು ನಾವು ಹೇಳದಿದ್ದರೆ ಹೇಳುವವರಿಲ್ಲ. ಪ್ರದೀಪ್ ನರ್ವಾಲನ ಬೆಲೆ ೨೦೨೧ರಲ್ಲಿ ೧.೬೫ ಕೋಟಿ, ೨೦೨೪ರಲ್ಲಿ ೭೦ ಲಕ್ಷ. ೨೦೨೫ರ ಹರಾಜಿನಲ್ಲಿ ಅವನ ಹೆಸರು ಕೂಗಿದಾಗ ಒಂದು ಕೈಯೂ ಮೇಲೇಳಲಿಲ್ಲ. ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ರೈಡ್ ಅಂಕ ಗಳಿಸಿದವನು ಅದಾದ ಕೆಲವೇ ದಿನಗಳಲ್ಲಿ ನಿವೃತ್ತಿ ಹೇಳಿ ಹೋದ. ಮೇಜಿನ ಲೆಕ್ಕ ತಪ್ಪಿದಾಗ ದಂಡ ತೆತ್ತವನು ಆಟಗಾರ. ಬೆಳಗಿನ ಪಾಳಿಗೆ ಬದಲಿಯಾಗಿ ಮಿಲ್ಲಿನ ಬಾಗಿಲಲ್ಲಿ ನಿಂತು, ಇಂದು ಕೆಲಸವಿಲ್ಲವೆಂದು ಕೇಳಿ ಮರಳಿದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನ ಹುಡುಗನಾದರೂ ಧಣಿಯೊಡನೆ ಮನಸ್ತಾಪವಾದರೆ ಎದುರಿನ ಹೋಟೆಲಿಗೆ ಹೋಗಬಲ್ಲ. ಈ ಆಟಗಾರನಿಗೆ ಅದೂ ಇಲ್ಲ. ಹರಾಜಿಗೆ ಬಿಟ್ಟ ತಂಡವೇ ಕೊನೆಯ ಕೂಗಿಗೆ ಸಮಾನ ಬೆಲೆ ಕೊಟ್ಟು ಅವನನ್ನು ಮರಳಿ ಎಳೆದುಕೊಳ್ಳುವ ನಿಯಮವೂ ಈ ಲೀಗಿನಲ್ಲಿದೆ. ಅವನ ಇಷ್ಟವನ್ನು ಕೇಳುವವರಿಲ್ಲ. ಹಿಂದೆ ಕಬಡ್ಡಿಯ ಹುಡುಗರು ರೈಲ್ವೆಗೆ, ಬ್ಯಾಂಕಿಗೆ, ಭಾರತ್ ಪೆಟ್ರೋಲಿಯಮ್ಮಿಗೆ ಆಡುತ್ತಿದ್ದರು. ಸಂಬಳ ಸಣ್ಣದಾದರೂ ಕಾಲು ಸೋತ ಮೇಲೆ ಕುರ್ಚಿಯೊಂದು ಇರುತ್ತಿತ್ತು. ಇಂದಿನ ದೊಡ್ಡ ಬೆಲೆ ನಮಗೂ ಸಂತೋಷವೇ; ಆಟಗಾರನಿಗೆ ಬರುವ ಒಂದೊಂದು ರೂಪಾಯಿಗೂ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಕೋಟಿಯ ಸುದ್ದಿ ಬರುವುದು ಹತ್ತಾರು ಮಂದಿಯದು. ಕೆಲವು ಲಕ್ಷಕ್ಕೆ ಎರಡು ಮೂರು ವರ್ಷ ಕಟ್ಟಿಹಾಕಿಸಿಕೊಂಡ ಎಳೆಯ ಹುಡುಗರ ಸುದ್ದಿ ಎಲ್ಲಿ ಬರುತ್ತದೆ?

ಆದುದರಿಂದ ನಾಶಿಕ ಮತ್ತು ಸಂಭಾಜಿನಗರದ ಬಂಧುಗಳು ಜಗಳವನ್ನು ಮುಂದುವರಿಸಲಿ, ಅದು ಸಂಜೆಯ ದಣಿವು ಕಳೆಯುತ್ತದೆ. ಆದರೆ ಕೇಳಬೇಕಾದವರನ್ನು ಕೇಳಲಿ. ತಂಡವು ಬೆಂಗಳೂರಿನ ಹೆಸರನ್ನು ಬಳಸುತ್ತದೆ. ೨೦೧೭ರಲ್ಲಿ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಿದಾಗಲೂ ಎದೆಯ ಮೇಲೆ ಆ ಹೆಸರನ್ನೇ ಹೊತ್ತಿತ್ತು, ನಾವೂ ಅದೇ ಹೆಸರಿಗೆ ಕೂಗಿದೆವು. ಆ ಕೂಗಿನ ಬಲದಿಂದ ನಾವು ಕೇಳುತ್ತೇವೆ: ಭರತನನ್ನು ಬಿಟ್ಟದ್ದು ಯಾರ ಸಲಹೆಯಿಂದ? ದಕ್ಷಿಣ ಕನ್ನಡದ, ಮಂಡ್ಯದ, ಬೆಳಗಾವಿಯ ಮ್ಯಾಟ್ ಪಂದ್ಯಗಳಿಗೆ ವರ್ಷಕ್ಕೆ ಎಷ್ಟು ಸಲ ತಮ್ಮ ಆಳನ್ನು ಕಳಿಸಿದ್ದೀರಿ? ಗಗನ್ ಗೌಡ ಉತ್ತರ ಪ್ರದೇಶದವರ ಕಣ್ಣಿಗೆ ಬಿದ್ದ ದಿನ ಬೆಂಗಳೂರಿನವರು ಎಲ್ಲಿ ಕುಳಿತಿದ್ದರು?