ಕಡಲಂಚಿನ ಪುಟ್ಟ ರೈಲು

ಡೆನ್ಮಾರ್ಕ್ ಎಂದೊಡನೆ ನಮಗೆ ನೆನಪಾಗುವುದು ಕೋಪನ್‌ಹೇಗನ್ನಿನ ಮತ್ಸ್ಯಕನ್ಯೆ ಮತ್ತು ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿ. ಆ ಡಬ್ಬಿಯಲ್ಲಿ ಈಗ ಸೂಜಿ-ದಾರ ಇರುತ್ತದೆ, ಆ ಮಾತು ಬೇರೆ! ಈ ಸಲ ಆ ದೇಶದ ಪಶ್ಚಿಮ ಕರಾವಳಿಯ ಒಂದು ರೈಲು ಮಾರ್ಗದ ವಿಚಾರ.

ವೆಂಬ್ ಎಂಬ ಸಣ್ಣ ಊರಿನಿಂದ ಹೊರಟು, ಲೆಮ್ವಿಗ್ ಪಟ್ಟಣವನ್ನು ಹಾದು, ಥ್ಯುಬೊರೋನ್ ಎಂಬ ಮೀನುಗಾರಿಕೆ ಬಂದರಿನಲ್ಲಿ ಮುಗಿಯುವ ಈ ಮಾರ್ಗ ಸುಮಾರು 60 ಕಿಲೋಮೀಟರ್. ಲೆಮ್ವಿಗ್‌ವರೆಗೆ 1879ರಲ್ಲಿ, ಅಲ್ಲಿಂದ ಮುಂದಕ್ಕೆ 1899ರಲ್ಲಿ ರೈಲು ಬಂತು. ಕೊನೆಯ ಭಾಗದಲ್ಲಿ ನೆಲ ಬರೀ ಒಂದು ಪಟ್ಟಿ: ಒಂದು ಕಡೆ ಉತ್ತರ ಸಮುದ್ರ, ಇನ್ನೊಂದು ಕಡೆ ಲಿಮ್‌ಫಿಯೋರ್ಡಿನ ಹಿನ್ನೀರು. 1862ರಲ್ಲಿ ಕಡಲು ಈ ಪಟ್ಟಿಯನ್ನು ಒಡೆದು ಒಳನುಗ್ಗಿತು. ಆ ಬಾಯಿ ಇಂದಿಗೂ ತೆರೆದೇ ಇದೆ. ಉಳಿದ ನೆಲವಾದರೂ ಉಳಿಯಲೆಂದು ದಡದಿಂದ ಕಡಲಿಗೆ ಚಾಚುವ ಅಡ್ಡಗೋಡೆಗಳನ್ನು ಸಾಲಾಗಿ ಕಟ್ಟಿ, ಒಂದೊಂದಕ್ಕೂ ಒಂದು ನಂಬರು ಕೊಟ್ಟರು.

ವೈದ್ಯನಾದ ನನ್ನ ಗಮನ ಸೆಳೆದದ್ದು ನಂಬರ್ 42. ಇದೇ ಮಾರ್ಗದಲ್ಲಿರುವ ರೋನ್‌ಲ್ಯಾಂಡ್‌ನಲ್ಲಿ 1953ರಿಂದ ಕೆಮಿನೋವಾ ಕಂಪನಿಯ ಕೀಟನಾಶಕ ಕಾರ್ಖಾನೆ ನಡೆಯಿತು. ರೈಲು ಅದರ ಸರಕನ್ನೂ ಸಾಗಿಸುತ್ತಿತ್ತು. ಪ್ಯಾರಾಥಿಯಾನ್ ಬಳಗದ ವಿಷ ಬೆರೆತ ತ್ಯಾಜ್ಯವನ್ನು ಅಂದು 42ನೇ ಅಡ್ಡಗೋಡೆಯ ಬಳಿಯ ಮರಳಿನಲ್ಲಿ ಹೂತರು.

ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿದ ವೈದ್ಯರಿಗೆ ಈ ಬಳಗ ಚೆನ್ನಾಗಿ ಗೊತ್ತು. ಬಾಯಲ್ಲಿ ನೊರೆ, ಸೂಜಿಮೊನೆಯಂತಾದ ಕಣ್ಣಿನ ಪಾಪೆ, ಬೆವರು, ಏದುಸಿರು. ಹೊಲಕ್ಕೆ ಸಿಂಪಡಿಸಿದವರೂ, ಬದುಕು ಸಾಕೆಂದು ಕುಡಿದವರೂ ಹೀಗೇ ಬರುತ್ತಾರೆ. ಅಟ್ರೋಪಿನ್ ಚುಚ್ಚುತ್ತೇವೆ, ಜೊತೆಗೇ ಬಟ್ಟೆ ಕಳಚಿ ಮೈ ತೊಳೆಸುತ್ತೇವೆ. ಚರ್ಮದ ಮೇಲೆ ವಿಷ ಉಳಿದಷ್ಟು ಹೊತ್ತೂ ಅದು ಒಳಗಿಳಿಯುತ್ತಲೇ ಇರುತ್ತದೆ.

ನೆಲಕ್ಕೂ ಇದೇ ನ್ಯಾಯ. 2006ರಲ್ಲಿ 42ರ ಆ ಜಾಗದ ಸುತ್ತ ಉಕ್ಕಿನ ಹಲಗೆಗಳನ್ನು ಇಳಿಸಿ ಬೇಲಿ ಹಾಕಿದರು. ಸೋರಿಕೆಗೆ ಅದು ತಡೆ, ಆದರೆ ಚಿಕಿತ್ಸೆಯಲ್ಲ. ಹೂತವರ ಕಾಲ ಮುಗಿದರೂ ಕಾಯುವವರ ಕೆಲಸ ಮುಗಿಯಲಿಲ್ಲ.

ನಮ್ಮಲ್ಲಿ ಅನೇಕರ ಊರುಗಳಲ್ಲಿ ಇನ್ನೂ ಹೊಲ-ಗದ್ದೆಗಳಿವೆ. ಮುಂದಿನ ಸಲ ಫೋನ್ ಮಾಡಿದಾಗ ಮಳೆ-ಬೆಳೆಯ ಜೊತೆ ಇದನ್ನೂ ಕೇಳಿ: ಔಷಧಿ ಬಾಟಲಿಗೆ ಬೀಗ ಇದೆಯೆ? ಸಿಂಪಡಿಸಿದ ಬಟ್ಟೆಯನ್ನು ಬೇರೆಯಾಗಿ ಒಗೆಯುತ್ತೀರಾ? ಔಷಧಿಯ ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುತ್ತಿಲ್ಲ ತಾನೆ?