ನಗರದ ಸಿರಿಯಲ್ಲಿ ಯಾರ ಪಾಲು ಎಷ್ಟು?

ಬೆಂಗಳೂರಿನ ನಲ್ಲಿಗಳಲ್ಲಿ ಸುರಿಯುವ ಕಾವೇರಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿದವಳು. 1974ರಿಂದ ಈಚೆಗೆ ಆಕೆಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿಸಿ ಆ ನಗರಕ್ಕೆ ತರಲಾಗುತ್ತಿದೆ. ಆ ನಗರದ ದೀಪಗಳನ್ನೂ ಕಾರ್ಖಾನೆಗಳನ್ನೂ ದಶಕಗಳ ಕಾಲ ನಡೆಸಿದವಳು ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಮನೆ, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟು ಹೊರಟ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ಅರ್ಧ ಶತಮಾನಕ್ಕೂ ಮಿಕ್ಕಿ ಕಚೇರಿಗಳ ಮೆಟ್ಟಿಲು ಸವೆಸಿದ್ದಾರೆ. ಈಗ ಅದೇ ಊರುಗಳ ಯುವಕ ಯುವತಿಯರು ಕೆಲಸ ಅರಸಿ ಬಸ್ಸು ಹತ್ತುವುದೂ ಅದೇ ನಗರಕ್ಕೆ. ನೀರು, ಬೆಳಕು, ದುಡಿಯುವ ಕೈ ಈ ಮೂರನ್ನೂ ಕೊಟ್ಟ ಮಲೆನಾಡಿಗೆ ಆ ನಗರದ ಸಿರಿಯ ಲೆಕ್ಕ ಕೇಳುವ ಅಧಿಕಾರವಿದೆ.

ಲೆಕ್ಕ ಕೇಳಿದವರಿಗೆ ಸಿಗುವ ಉತ್ತರ ಹಳೆಯದು: 'ಮೊದಲು ಬೆಳೆಯಲಿ, ಆಮೇಲೆ ಹಂಚಿಕೊಳ್ಳೋಣ.' 11ನೆಯ ಪಂಚವಾರ್ಷಿಕ ಯೋಜನೆ (2007–12) 'ಎಲ್ಲರನ್ನೂ ಒಳಗೊಳ್ಳುವ ಬೆಳವಣಿಗೆ' ಎಂಬ ಮಾತನ್ನು ಮುನ್ನೆಲೆಗೆ ತಂದಿತು. ಅಂದಿನಿಂದ ಅದು ಎಲ್ಲ ಭಾಷಣಗಳ ಮುನ್ನುಡಿಯಾಗಿದೆ. ಆದರೆ ಹಂಚಿಕೆಯನ್ನು ಬೆಳವಣಿಗೆಯ ಕೊನೆಗೆ ಇಟ್ಟರೆ ಆ ಕೊನೆ ಎಂದೂ ಬರುವುದಿಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಆ 110 ಹಳ್ಳಿಗಳ ಹೊಲಗಳು ಬಡಾವಣೆಗಳಾದವು, ಆಸ್ತಿ ತೆರಿಗೆ ಬಂತು, ಗಾಜಿನ ಕಟ್ಟಡಗಳು ಎದ್ದವು. ಅವುಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿನ ಜನ ಕೊಳವೆಬಾವಿಗಳನ್ನೂ ಟ್ಯಾಂಕರುಗಳನ್ನೂ ನಂಬಿ ಬದುಕಿದರು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಗೊತ್ತುಪಡಿಸಬೇಕಾಯಿತು. ತೆರಿಗೆಗೆ ನಗರವಾಸಿ, ನೀರಿಗೆ ಹಳ್ಳಿಗ: ಇದು ಯಾವ ಸೀಮೆಯ ನ್ಯಾಯ?

ಅಧಿಕಾರವಿಲ್ಲದ ಪಾಲಿಕೆ

ನಗರ ಪಾಲಿಕೆ ಎಂದರೆ ಕಸ ಎತ್ತುವ, ಗುಂಡಿ ಮುಚ್ಚುವ ಕಚೇರಿ ಎಂಬ ಕಲ್ಪನೆ ಜನರಲ್ಲಿ ಬೇರೂರಿದೆ. ಸಂವಿಧಾನ ಹೇಳುವುದು ಬೇರೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ, ದುರ್ಬಲ ವರ್ಗಗಳ ಹಿತರಕ್ಷಣೆ, ಕೊಳೆಗೇರಿಗಳ ಸುಧಾರಣೆ, ನಗರ ಬಡತನದ ನಿವಾರಣೆ, ಪರಿಸರ ರಕ್ಷಣೆ ಎಲ್ಲವೂ ಅದರಲ್ಲಿವೆ. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದು ಅದೇ ತಿದ್ದುಪಡಿ ವಿಧಿಸಿದೆ.

ವಾಸ್ತವದಲ್ಲಿ ನಡೆದದ್ದೇನು? ಬೆಂಗಳೂರಿನ ಕುಡಿಯುವ ನೀರು 1964ರಿಂದ ಜಲಮಂಡಳಿಯ ಕೈಯಲ್ಲಿದೆ, ಬಡಾವಣೆಗಳ ರಚನೆ 1976ರಿಂದ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿದೆ, ಬಸ್ಸು ಸಾರಿಗೆ ಸಂಸ್ಥೆಯ ಕೈಯಲ್ಲಿದೆ. ಇವೆಲ್ಲ ಉತ್ತರ ಕೊಡುವುದು ರಾಜ್ಯ ಸರ್ಕಾರಕ್ಕೆ, ವಾರ್ಡಿನ ಮತದಾರನಿಗಲ್ಲ. ಇದ್ದ ಪಾಲಿಕೆಯ ಅವಧಿಯೂ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷದೊಳಗೆ ಚುನಾವಣೆ ನಡೆಯಬೇಕೆಂಬುದು ಸಂವಿಧಾನದ ಕಟ್ಟಳೆ. ಆದರೆ ಮುಂದಿನ ಐದು ವರ್ಷ ಆಳಿದವರು ಆಡಳಿತಾಧಿಕಾರಿಗಳು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಒಡೆದು ಐದು ನಗರ ಪಾಲಿಕೆಗಳನ್ನು ರಚಿಸಲಾಯಿತು. ಮನೆ ಐದಾದರೂ ಯಜಮಾನಿಕೆ ಮತದಾರನಿಗೆ ಬಾರದಿದ್ದರೆ ಪಾಲು ಮಾಡಿದ್ದರಿಂದ ಬಂದ ಲಾಭವೇನು?

ಆದ್ದರಿಂದ ಬೆಳವಣಿಗೆಯಲ್ಲಿ ಎಲ್ಲರೂ ಪಾಲು ಪಡೆಯಬೇಕಾದರೆ ಮೊದಲ ಹೆಜ್ಜೆ ಅಧಿಕಾರದ ಹಂಚಿಕೆ. ಕೇರಳ 1996ರಲ್ಲಿ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟು, ಯೋಜನೆಯನ್ನು ಗ್ರಾಮಸಭೆ, ವಾರ್ಡುಸಭೆಗಳಿಂದ ಆರಂಭಿಸಿತು. ಅಲ್ಲಿ ದೋಷಗಳಿಲ್ಲ ಎಂದಲ್ಲ. ಆದರೆ ಚರಂಡಿ ಮೊದಲೋ ಮೇಲ್ಸೇತುವೆ ಮೊದಲೋ ಎಂಬ ಪ್ರಶ್ನೆಯನ್ನು ಚರಂಡಿಯ ಪಕ್ಕದಲ್ಲಿ ಬದುಕುವವರ ಮುಂದೆ ಇಡುವ ಧೈರ್ಯವನ್ನು ಅದು ತೋರಿಸಿತು.

ಪೊರಕೆ ಹಿಡಿದವರ ಪಾಲು

ಪಾಲಿಕೆ ಸ್ವತಃ ದೊಡ್ಡ ಉದ್ಯೋಗದಾತ. ತಾನು ಕೊಡುವ ಕೂಲಿಯಲ್ಲೇ ಅನ್ಯಾಯವಿಟ್ಟುಕೊಂಡು ನಗರಕ್ಕೆ ನ್ಯಾಯ ಹಂಚುವೆನೆನ್ನುವುದು ಹುಸಿ. ಬೆಂಗಳೂರಿನ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ವರ್ಷಾನುಗಟ್ಟಲೆ ಅವರು ಗುತ್ತಿಗೆದಾರರ ಕೈಕೆಳಗೆ, ಕೂಲಿ ಯಾವಾಗ ಬರುವುದೆಂದು ತಿಳಿಯದೆ ದುಡಿದರು. ಸಂಘಟಿತರಾಗಿ ಹೋರಾಡಿದ ಮೇಲೆ 2018ರಲ್ಲಿ ಪಾಲಿಕೆಯಿಂದ ನೇರ ಪಾವತಿ ಆರಂಭವಾಯಿತು. 2022ರ ಜುಲೈನಲ್ಲಿ ಮುಷ್ಕರ ಹೂಡಿದ ಮೇಲೆ ಕಾಯಂಗೊಳಿಸುವ ಭರವಸೆ ದೊರೆಯಿತು. 2025ರ ಮೇ ದಿನದಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಆದೇಶಪತ್ರ ಸಿಕ್ಕಿತು. ಇದು ಯಾರೋ ಕೊಟ್ಟ ದಾನವಲ್ಲ, ಹೋರಾಟದ ಫಲ. 'ಮೊದಲು ಬೆಳವಣಿಗೆ, ಆಮೇಲೆ ಹಂಚಿಕೆ' ಎನ್ನುವವರು ಗಮನಿಸಬೇಕು: ಈ ಕಾಯಂ ನೇಮಕದಿಂದ ನಗರವೇನೂ ಕುಸಿಯಲಿಲ್ಲ.

ಕಸದ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ನಗರದ ಕಸವನ್ನು ಮಾವಳ್ಳಿಪುರಕ್ಕೂ ಮಂಡೂರಿಗೂ ಸುರಿದು, ಅಲ್ಲಿನ ಹಳ್ಳಿಗರ ಬಾವಿಯನ್ನೂ ಉಸಿರನ್ನೂ ಕೆಡಿಸಲಾಯಿತು. 2012ರಲ್ಲಿ ಮಾವಳ್ಳಿಪುರದ, 2014ರಲ್ಲಿ ಮಂಡೂರಿನ ಜನರ ಪ್ರತಿಭಟನೆಯ ಮುಂದೆ ಲಾರಿಗಳು ನಿಲ್ಲಬೇಕಾಯಿತು. ಇದಕ್ಕೆ ಬದಲಿ ದಾರಿಯನ್ನು ಪುಣೆ ತೋರಿಸಿದೆ. ಅಲ್ಲಿ ಕಸ ಆಯುವವರೇ ಒಡೆಯರಾಗಿರುವ 'ಸ್ವಚ್ಛ್' ಸಹಕಾರಿ ಸಂಘದೊಂದಿಗೆ ಪಾಲಿಕೆ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಸದಸ್ಯರು ಮನೆಮನೆಯಿಂದ ವಿಂಗಡಿಸಿದ ಕಸ ಪಡೆದು, ಮನೆಯವರಿಂದ ಶುಲ್ಕವನ್ನೂ ಒಣಕಸ ಮಾರಿ ಹಣವನ್ನೂ ಗಳಿಸುತ್ತಾರೆ. ಬೆಂಗಳೂರು ಪಾಲಿಕೆಯೂ 2011ರಲ್ಲಿ ಕಸ ಆಯುವವರಿಗೆ ಗುರುತಿನ ಚೀಟಿ ನೀಡಲಾರಂಭಿಸಿತು. ಒಣಕಸ ಕೇಂದ್ರಗಳನ್ನು ಅವರಲ್ಲಿ ಕೆಲವರ ಕೈಗೆ ಒಪ್ಪಿಸಿತು. ಬಡವನಿಗೆ ಕೂಲಿ, ಹಳ್ಳಿಗೆ ನೆಮ್ಮದಿ, ಮಣ್ಣಿಗೆ ಗೊಬ್ಬರ. ಪರಿಸರದ ಹಿತವೂ ಬಡವರ ಹಿತವೂ ಒಂದೇ ಹಾದಿಯಲ್ಲಿ ನಡೆಯಬಲ್ಲವು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಖಜಾನೆಯ ಹಣ ಎಲ್ಲಿಗೆ ಹರಿಯುತ್ತದೆ?

'ಪಾಲಿಕೆಯಲ್ಲಿ ದುಡ್ಡೆಲ್ಲಿದೆ?' ಎಂಬುದು ಅಧಿಕಾರಿಗಳ ಮೆಚ್ಚಿನ ವಾದ. ಇರುವ ದುಡ್ಡು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿದರೆ ಈ ವಾದ ಸಡಿಲವಾಗುತ್ತದೆ. ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಸಣ್ಣ ನಗರ ಬೃಹತ್ ಅಂಗಡಿ ಸಂಕೀರ್ಣವೊಂದನ್ನು ನಂಬಿ ಕುಳಿತಿತ್ತು. 2011ರಲ್ಲಿ ಆ ಯೋಜನೆ ಕುಸಿದುಬಿತ್ತು. ಹೊರಗಿನ ಬಂಡವಾಳಗಾರನ ದಾರಿ ಕಾಯುವುದನ್ನು ಬಿಟ್ಟ ಅಲ್ಲಿನ ನಗರಸಭೆ, ಕಾಲೇಜು, ಪೊಲೀಸು, ವಸತಿ ಸಂಸ್ಥೆ ಮೊದಲಾದ ನೆರೆಯ ಸಾರ್ವಜನಿಕ ಸಂಸ್ಥೆಗಳನ್ನು ಕೂಡಿಸಿ, ಆಗಲೇ ಮಾಡುತ್ತಿದ್ದ ಖರೀದಿಯನ್ನು ಸಾಧ್ಯವಾದಷ್ಟೂ ಊರಿನವರಿಂದಲೇ ಮಾಡಲು ತೀರ್ಮಾನಿಸಿತು. 2012–13ರಲ್ಲಿ ಈ ಸಂಸ್ಥೆಗಳ ಖರೀದಿಯಲ್ಲಿ ಶೇ. 5ರಷ್ಟು ಮಾತ್ರ ಊರಿನೊಳಗೆ ಉಳಿಯುತ್ತಿತ್ತು. 2016–17ರ ಹೊತ್ತಿಗೆ ಅದು ಶೇ. 18ಕ್ಕೆ ಏರಿತು. ಹೊಸ ತೆರಿಗೆಯಿಂದಲ್ಲ, ಹಳೆಯ ಹಣದ ದಿಕ್ಕು ಬದಲಿಸಿದ್ದರಿಂದ.

ಕರ್ನಾಟಕದಲ್ಲಿ ಇದಕ್ಕೆ ದಾರಿಯೇ ಇಲ್ಲವೆನ್ನುವಂತಿಲ್ಲ. ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಾತಿ ನೀಡುವ ಕಾನೂನು ಇಲ್ಲಿದೆ. ನಗರಾಡಳಿತ ಸಂಸ್ಥೆಗಳು ತಮ್ಮ ನಿಧಿಯ ಶೇ. 24.10ರಷ್ಟನ್ನು ಪರಿಶಿಷ್ಟರಿಗಾಗಿ, ಶೇ. 7.25ರಷ್ಟನ್ನು ಇತರ ಬಡವರಿಗಾಗಿ ತೆಗೆದಿಡಬೇಕೆಂಬ ನಿಯಮವಿದೆ. ಈ ಹಣ ಯಾವ ಬೀದಿಗೆ, ಯಾವ ಮನೆಗೆ ತಲುಪಿತೆಂದು ವಾರ್ಡಿನ ಗೋಡೆಯ ಮೇಲೆ ಬರೆಯಿಸಿದರೆ ಅರ್ಧ ಭ್ರಷ್ಟಾಚಾರ ತಾನಾಗಿ ನಾಚುತ್ತದೆ. ಪಾಲಿಕೆಯ ಶಾಲೆ, ಆಸ್ಪತ್ರೆ, ಕ್ಯಾಂಟೀನುಗಳಿಗೆ ಬೇಕಾದ ಅಕ್ಕಿ, ರಾಗಿ, ತರಕಾರಿಯನ್ನು ರೈತರ ಸಹಕಾರಿ ಸಂಘಗಳಿಂದ, ಸಮವಸ್ತ್ರವನ್ನು ಮಹಿಳಾ ಸಂಘಗಳಿಂದ ಕೊಳ್ಳಲು ಯಾವ ವಿಶ್ವಬ್ಯಾಂಕಿನ ಸಾಲವೂ ಬೇಕಿಲ್ಲ.

ಬೀದಿ ಯಾರದು?

ಬೀದಿಬದಿಯ ವ್ಯಾಪಾರಿ ನಗರದ ಕಣ್ಣಿಗೆ 'ಒತ್ತುವರಿ'. ಅದೇ ಪಾದಚಾರಿ ಹಾದಿಯ ಮೇಲೆ ನಿಂತ ಕಾರು 'ಪಾರ್ಕಿಂಗ್'. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಈ ತಾರತಮ್ಯವನ್ನು ಒಪ್ಪುವುದಿಲ್ಲ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಸಿ, ಜನಸಂಖ್ಯೆಯ ಶೇ. 2.5ರ ಮಿತಿಗೆ ಒಳಪಟ್ಟು ಎಲ್ಲರಿಗೂ ಜಾಗ ಕಲ್ಪಿಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಒಕ್ಕಲೆಬ್ಬಿಸಕೂಡದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ತಳ್ಳುಗಾಡಿಯನ್ನು ಲಾರಿಗೆ ಎಸೆಯುವ ದೃಶ್ಯ ಎಷ್ಟು ಊರುಗಳಲ್ಲಿ ನಿಂತಿದೆ?

ಕಾಲ್ನಡಿಗೆಯವರಿಗೆ ತೊಡಕಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಬೇಕಿಲ್ಲ. ಅದಕ್ಕೆಂದೇ ಕಾಯಿದೆ ವ್ಯಾಪಾರಕ್ಕೆ ಅವಕಾಶವಿರುವ ಮತ್ತು ಇಲ್ಲದ ವಲಯಗಳನ್ನು ಗುರುತಿಸಲು ಹೇಳುತ್ತದೆ. ಆ ಗೆರೆಯನ್ನು ಲಾಠಿಯಿಂದ ಎಳೆಯಬಾರದು, ಸಮಿತಿಯಲ್ಲಿ ಕುಳಿತು ಎಳೆಯಬೇಕು.

ಬೆಟ್ಟದ ಮೇಲಿನ ಭಾರ

ಇದೆಲ್ಲ ನಗರದವರ ಜಗಳ, ಮಲೆನಾಡಿಗೇನು ಸಂಬಂಧ ಎನ್ನುವವರಿದ್ದಾರೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ ಶಿವಮೊಗ್ಗ ಜಿಲ್ಲೆ ಒಂದಾಗಿ ಬೀದಿಗಿಳಿಯಿತು. ಆ ಮಾತು ಹುಟ್ಟಿದ್ದೇಕೆ? ತನ್ನ ಕೆರೆಗಳನ್ನು ನುಂಗಿದ, ರಾಜಕಾಲುವೆಗಳ ಮೇಲೆ ಕಟ್ಟಡ ಕಟ್ಟಿದ, ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಏಳುವವರೆಗೆ ಕೊಳಚೆ ತುಂಬಿದ ನಗರಕ್ಕೆ ಬೇರೆಯವರ ನದಿಯೇ ಸುಲಭದ ದಾರಿಯಾಗಿ ಕಂಡಿತು. ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. 2022ರ ಸೆಪ್ಟೆಂಬರಿನಲ್ಲಿ ಅದರ ಹೊರವರ್ತುಲ ರಸ್ತೆ ನೀರಿನಲ್ಲಿ ಮುಳುಗಿತು. 2024ರ ಮಾರ್ಚಿನಲ್ಲಿ ಕುಡಿಯಲು ನೀರಿಲ್ಲವೆಂದು ಕೂಗೆದ್ದಿತು. ಇದು ಬರಗಾಲವಲ್ಲ, ದುರಾಡಳಿತ.

ಕೊಳೆಗೇರಿಯ ಮನೆಗೆ ಕೊಡದ ನೀರೂ ಬೆಟ್ಟದಿಂದ ಕಿತ್ತುಕೊಳ್ಳುವ ನೀರೂ ಒಂದೇ ಲೆಕ್ಕದ ಎರಡು ಬದಿಗಳು. ಕೇಳುವ ದನಿಯಿಲ್ಲದವರಿಂದ ತೆಗೆದುಕೊಂಡು, ಕೇಳುವ ಶಕ್ತಿಯುಳ್ಳವರಿಗೆ ಸುರಿಯುವ ಲೆಕ್ಕ ಅದು. ಕೆರೆ ಉಳಿಸುವ, ಮಳೆನೀರು ಹಿಡಿಯುವ, ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವ, ಹೆಚ್ಚು ಬಳಸುವವರಿಂದ ಹೆಚ್ಚು ದರ ಪಡೆದು ಬಡವರ ಓಣಿಗೆ ಮೊದಲು ಕೊಳವೆ ಎಳೆಯುವ ನಗರಾಡಳಿತವೊಂದೇ ಪಶ್ಚಿಮ ಘಟ್ಟದ ಹೊಳೆಗಳಿಗೂ ನಿಜವಾದ ರಕ್ಷಣೆ.

ಆದ್ದರಿಂದ ನಗರದಲ್ಲಿ ಓದುವ, ದುಡಿಯುವ ಮಲೆನಾಡಿನ ಮಕ್ಕಳು ಅಲ್ಲಿ ಬರಿಯ ಬಾಡಿಗೆದಾರರಾಗಿ ಉಳಿಯಬಾರದು. ಮತದಾರರ ಪಟ್ಟಿಗೆ ಹೆಸರು ಸೇರಿಸಲಿ, ವಾರ್ಡ್ ಸಮಿತಿಯ ಸಭೆ ಯಾವಾಗ ಎಂದು ಕೇಳಲಿ, ಪೌರಕಾರ್ಮಿಕರ ಮುಷ್ಕರದಲ್ಲಿ ಪಕ್ಕದಲ್ಲಿ ನಿಲ್ಲಲಿ. ಊರಿನಲ್ಲಿ ಉಳಿದವರಿಗೂ ಕೆಲಸವಿದೆ. 2011ರ ಜನಗಣತಿಯಲ್ಲೇ ಶಿವಮೊಗ್ಗ ಮೂರು ಲಕ್ಷ ದಾಟಿದೆ. ಅಲ್ಲಿಯೂ ವಾರ್ಡ್ ಸಮಿತಿ ಸಂವಿಧಾನದ ಹಕ್ಕು. ಸಾಗರ, ಶಿರಸಿ, ಚಿಕ್ಕಮಗಳೂರು, ಮಡಿಕೇರಿಗಳ ನಗರಸಭೆಗಳಿಗೂ ಬೀದಿ ವ್ಯಾಪಾರಿಗಳ ಕಾಯಿದೆ ಅನ್ವಯಿಸುತ್ತದೆ. ರೆಸಾರ್ಟಿಗೆ ರಸ್ತೆ ಅಗಲಿಸುವ ಮುನ್ನ ಸಂತೆಗೆ ಬರುವ ಹೆಂಗಸಿಗೆ ನೆರಳು, ಶೌಚಾಲಯ, ಕುಡಿಯುವ ನೀರು ಕೊಡಿ ಎಂದು ಅಲ್ಲಿನ ಸದಸ್ಯರನ್ನು ತಡೆದು ಕೇಳಲು ಯಾರ ಅಪ್ಪಣೆಯೂ ಬೇಡ. ದೊಡ್ಡ ನಗರ ಮಾಡಿದ ತಪ್ಪನ್ನು ಬೆಟ್ಟದ ಪಟ್ಟಣಗಳು ಈಗಲೇ ನಕಲು ಮಾಡತೊಡಗಿವೆ. ತಡೆಯುವ ಕಾಲ ಇನ್ನೂ ಮೀರಿಲ್ಲ.